ಪೋಲೊ ಜಿಟಿಯೋ, ಅಬಾರ್ತ್ ಪುಂಟೊವೋ: ದಿನಾ ಓಡಿಸಲು ಯಾವ ಹಳೇ ಗಾಡಿ?

ಯುಗಾದಿಗೆ ಮನೆಗೆ ಬಂದಿದ್ದ ನನ್ನ ಭಾಮೈದ ಒಬ್ಬಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಫೋನಿನಲ್ಲಿ ಎರಡು ಫೋಟೊ ತೋರಿಸಿದ. ಒಂದು ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಇನ್ನೊಂದು ಬಿಳಿ ಮೈಗೆ ಕೆಂಪು ಪಟ್ಟಿ ಹೊಡೆದ ಫಿಯಟ್ಟಿನ ಅಬಾರ್ತ್ ಪುಂಟೊ. "ಭಾವ, ಸೋಮವಾರ ಫ್ಯಾಕ್ಟರಿಗೂ ಇದೇ ಗಾಡಿ, ಶನಿವಾರ ಘಾಟಿಗೂ ಇದೇ ಗಾಡಿ. ಯಾವುದು ತಗೊಳ್ಳಲಿ?" ಅಂದ. ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. ನಾನು ಬೆಂಗಳೂರಿನಲ್ಲಿ ಪೋಲೊ ಜಿಟಿ ಓಡಿಸುತ್ತೇನೆ. ಗೆಳೆಯನೊಬ್ಬ ಹೊರದೇಶಕ್ಕೆ ಹೋಗಿದ್ದಾಗ ಅವನ ಅಬಾರ್ತ್ ಒಂದು ತಿಂಗಳು ನನ್ನ ಹತ್ತಿರವೇ ಇತ್ತು. ಎರಡೂ ನನಗೆ ಬಹಳ ಇಷ್ಟದ ಗಾಡಿಗಳು. ಅವತ್ತು ಮಧ್ಯಾಹ್ನವೆಲ್ಲ ಅವನಿಗೆ ಹೇಳಿದ್ದನ್ನು, ಆಮೇಲೆ ಇಬ್ಬರೂ ಸೇರಿ ಗಾಡಿ ನೋಡಲು ಅಲೆದಾಗ ಕಲಿತದ್ದನ್ನು, ಇದೇ ಗೊಂದಲದಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ ಇದ್ದರೆ ಮಾತ್ರ ಸ್ಪೋರ್ಟ್ಸ್ ಕಾರು ಎನ್ನುವವರಿಗೆ ಇವೆರಡೂ ಆ ಲೆಕ್ಕಕ್ಕೆ ಬರುವುದಿಲ್ಲ. ಇವು ನಾಲ್ಕು ಜನ ಹೋಗಿಬರುವ, ಡಿಕ್ಕಿಯಲ್ಲಿ ದಿನಸಿ ಚೀಲ ಹಿಡಿಸುವ ಹ್ಯಾಚ್‌ಬ್ಯಾಕ್‌ಗಳು. ಆದರೆ ನಮ್ಮ ಹಂಪು, ನಮ್ಮ ಗುಂಡಿ, ನಮ್ಮ ಸಂಬಳ ಮೂರಕ್ಕೂ ಹೊಂದಿಕೊಂಡು, ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಒತ್ತುವಂಥ ಪೆಟ್ರೋಲ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಹುಡುಕಿಕೊಂಡು ಹೊರಟವರು ಸುತ್ತಿ ಬಳಸಿ ಇವೆರಡರ ಮುಂದೆಯೇ ಬಂದು ನಿಲ್ಲುತ್ತಾರೆ.

ಪೋಲೊ ಜಿಟಿ ಟಿಎಸ್‌ಐ ಬಂದದ್ದು 2013ರಲ್ಲಿ, ಪುಣೆ ಹತ್ತಿರದ ಚಾಕಣ್ ಕಾರ್ಖಾನೆಯಿಂದ. ಎಕ್ಸ್ ಶೋರೂಂ ಬೆಲೆ ಆಗ 8 ಲಕ್ಷದ ಆಸುಪಾಸು. 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ಅಂದರೆ ಎಳೆತದ ಬಲ), ಏಳು ಗೇರಿನ, ಎರಡು ಕ್ಲಚ್ಚಿನ ಡಿಎಸ್‌ಜಿ ಆಟೊಮ್ಯಾಟಿಕ್. 2020ರಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್‌6 ನಿಯಮ ಬಂದಾಗ ಈ ಎಂಜಿನ್ ಹೋಗಿ 1.0 ಲೀಟರಿನ ಮೂರು ಸಿಲಿಂಡರ್ ಟಿಎಸ್‌ಐ ಬಂತು, ಡಿಎಸ್‌ಜಿ ಬದಲು ಆರು ಗೇರಿನ ಮಾಮೂಲಿ ಆಟೊಮ್ಯಾಟಿಕ್ ಬಂತು. 2022ರಲ್ಲಿ ಪೋಲೊ ನಮ್ಮ ದೇಶದಲ್ಲಿ ಪೂರ್ತಿ ನಿಂತೇಹೋಯಿತು.

ಅಬಾರ್ತ್ ಪುಂಟೊ 2015ರ ಅಕ್ಟೋಬರ್‌ನಲ್ಲಿ 9.95 ಲಕ್ಷಕ್ಕೆ ಬಂತು. ಇದೂ ಪುಣೆ ಕಡೆಯದೇ, ರಂಜನ್‌ಗಾಂವ್‌ನಲ್ಲಿ ತಯಾರಾದದ್ದು. 1.4 ಲೀಟರಿನ ಟಿ-ಜೆಟ್ ಟರ್ಬೊ ಪೆಟ್ರೋಲ್, 145 ಬಿಎಚ್‌ಪಿ, 212 ಎನ್‌ಎಂ, ಐದು ಗೇರಿನ ಮ್ಯಾನ್ಯುವಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹತ್ತು ಲಕ್ಷದೊಳಗೆ ಅಷ್ಟು ಶಕ್ತಿಯ ಗಾಡಿಯನ್ನು ಅಲ್ಲಿಯವರೆಗೆ ಯಾರೂ ನಮಗೆ ಕೊಟ್ಟಿರಲಿಲ್ಲ. ಮುಂದಿನ ಗ್ರಿಲ್ ಮೇಲಿನ ಚೇಳಿನ ಗುರುತಿಗೆ ಒಂದು ಕಥೆ ಇದೆ: 1949ರಲ್ಲಿ ಇಟಲಿಯಲ್ಲಿ ಈ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಹುಟ್ಟಿದ್ದು ನವೆಂಬರ್ 15ರಂದು, ರಾಶಿ ವೃಶ್ಚಿಕ. ಬಿಎಸ್‌6 ಬರುವ ಮೊದಲೇ, 2019ರ ಹೊತ್ತಿಗೆ ಫಿಯಟ್ ಹೆಸರಿನ ಕಾರುಗಳು ನಮ್ಮಲ್ಲಿ ನಿಂತುಹೋದವು. ಚೇಳೂ ಜೊತೆಗೇ ಹೋಯಿತು.

ಲೆಕ್ಕದ ಹಾಳೆ ಮಾತ್ರ ನೋಡಿದರೆ ಅಬಾರ್ತ್ ಗೆದ್ದಂತೆ ಕಾಣುತ್ತದೆ. ದಿನಾ ಓಡಿಸುವವರು ಆ ಹಾಳೆಯನ್ನು ಮಡಚಿಟ್ಟು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಟ್ರಾಫಿಕ್‌ನ ಏಟನ್ನು ನಿಮ್ಮ ಎಡಗಾಲು ತಿನ್ನಬೇಕೋ, ಗಾಡಿಯ ಗೇರ್‌ಬಾಕ್ಸ್ ತಿನ್ನಬೇಕೋ? ಇವೆರಡರ ನಡುವಿನ ಆಯ್ಕೆ ನನ್ನ ಮಟ್ಟಿಗೆ ಇಷ್ಟೇ. ಉಳಿದದ್ದೆಲ್ಲ ಇದರ ಹಿಂದೆ ಬರುವ ಮಾತು.

ಜೆಪಿ ನಗರದಿಂದ ಸಿಲ್ಕ್ ಬೋರ್ಡ್ ದಾಟಿ ಮಾರತ್ತಹಳ್ಳಿ ಕಡೆಗೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಮುಂದಿನ ಬಸ್ಸು ಮೂರಡಿ ಸರಿಯುತ್ತದೆ, ನೀವೂ ಸರಿಯುತ್ತೀರಿ, ನಿಲ್ಲುತ್ತೀರಿ. ಅಬಾರ್ತ್‌ನಲ್ಲಿ ಇದ್ದರೆ ಪ್ರತಿ ಸಲವೂ ಕ್ಲಚ್ ಒತ್ತಬೇಕು, ಅರ್ಧ ಬಿಡಬೇಕು, ಮತ್ತೆ ಒತ್ತಬೇಕು. ಅದರ ಕ್ಲಚ್ಚು ಮಾರುತಿ ಕ್ಲಚ್ಚಿನಂತೆ ಹಗುರ ಅಲ್ಲ. ಸ್ಟೇರಿಂಗ್ ಹೈಡ್ರಾಲಿಕ್, ನಿಧಾನದಲ್ಲಿ ತಿರುಗಿಸಲು ತೋಳು ಬೇಕು. ಜೊತೆಗೆ ಈ ಎಂಜಿನ್ನಿನ ಪೂರ್ತಿ ಟಾರ್ಕ್ ಬರುವುದು 2000 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ 2000 ಸುತ್ತು) ಮೇಲೆ. ಅದಕ್ಕೂ ಕೆಳಗೆ ಸ್ವಲ್ಪ ಸಪ್ಪೆ. ಹಾಗಾಗಿ ತೆವಳುವ ಟ್ರಾಫಿಕ್‌ನಲ್ಲಿ ಫಸ್ಟು-ಸೆಕೆಂಡಿನ ನಡುವೆಯೇ ಕೈ ಓಡಾಡುತ್ತಿರುತ್ತದೆ. ಇದು ಗಾಡಿಯ ದೋಷ ಅಲ್ಲ, ಗುಣ. ಘಾಟಿಯಲ್ಲಿ ಮುದ ಕೊಡುವ ಗಟ್ಟಿತನವೇ ಸಿಗ್ನಲ್ಲಿನಲ್ಲಿ ಕಾಲಿನ ಬೆಲೆ ಕೇಳುತ್ತದೆ. ದಿನಕ್ಕೆ ಎರಡು ಗಂಟೆ ಹೀಗೆ ಕಳೆಯುವವರು, ಅದರಲ್ಲೂ ಮಂಡಿ ಅಥವಾ ಸೊಂಟದ ತೊಂದರೆ ಇರುವವರು, ಚೇಳಿನ ಆಸೆಯನ್ನು ಪ್ರಾಮಾಣಿಕವಾಗಿ ತೂಗಿ ನೋಡಬೇಕು.

ಪೋಲೊದಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. 1500 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಸಿಗುವುದರಿಂದ ಪೆಡಲ್ ಮುಟ್ಟಿದರೆ ಸಾಕು, ಗಾಡಿ ಹೊರಡುತ್ತದೆ. ಸ್ಟೇರಿಂಗ್ ಒಂದು ಕೈಗೆ ಸಾಕು. ಆದರೆ ಕಾಲು ಮಾಡದ ಕೆಲಸವನ್ನು ಬೇರೆ ಯಾರೋ ಮಾಡಲೇಬೇಕಲ್ಲ? ಅದನ್ನು ಮಾಡುತ್ತಿರುವುದು ಡಿಎಸ್‌ಜಿ ಒಳಗಿನ ಎರಡು ಕ್ಲಚ್ಚುಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಗಾಡಿ ಕೊಳ್ಳುವವರು ತಿಳಿದಿರಲೇಬೇಕಾದದ್ದು ಯಾವುದಾದರೂ ಇದ್ದರೆ ಇದೇ. ಡಿಕ್ಯೂ200 ಎಂದು ಹೆಸರಿರುವ ಈ ಗೇರ್‌ಬಾಕ್ಸ್ ಒಳಗೆ ಒಂದು ಕ್ಲಚ್ಚು 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6 ಮತ್ತು ರಿವರ್ಸನ್ನು. ನೀವು ಎರಡನೇ ಗೇರಿನಲ್ಲಿ ಇರುವಾಗಲೇ ಮೂರನೆಯದು ಸಿದ್ಧವಾಗಿ ಕಾದಿರುತ್ತದೆ. ಗೇರು ಬದಲಾದದ್ದೇ ಗೊತ್ತಾಗದ ಆ ಚುರುಕು ಬರುವುದು ಹೀಗೆ. ಆದರೆ ಇವು ಒಣ ಕ್ಲಚ್ಚುಗಳು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಎಣ್ಣೆಯೇ ತಂಪು ಕೊಡುತ್ತದೆ. ಒಣ ಕ್ಲಚ್ಚಿಗೆ ಆ ಅನುಕೂಲ ಇಲ್ಲ. ಮೂರಡಿ ಸರಿ, ನಿಲ್ಲು, ಮೂರಡಿ ಸರಿ, ನಿಲ್ಲು ಎನ್ನುವ ನಮ್ಮ ಊರಿನ ಚಾಲನೆಯಲ್ಲಿ ಅದು ಅರ್ಧ ಹಿಡಿದು ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಇನ್ನೊಂದು ಭಾಗ ಮೆಕಾಟ್ರಾನಿಕ್, ಅಂದರೆ ಯಾವ ಕ್ಲಚ್ಚು ಯಾವಾಗ ಹಿಡಿಯಬೇಕೆಂದು ನಡೆಸುವ ಎಲೆಕ್ಟ್ರಾನಿಕ್-ಹೈಡ್ರಾಲಿಕ್ ಪೆಟ್ಟಿಗೆ. ಅದು ಕೆಟ್ಟರೆ ಬಿಲ್ಲು ಲಕ್ಷ ದಾಟುತ್ತದೆ. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳನ್ನು ವಾಪಸು ಕರೆದು ಇದೇ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಕೊಟ್ಟಿತ್ತು. ಸೆಕೆ ಹೆಚ್ಚಿರುವ ದೇಶಗಳಲ್ಲಿ, ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ವಿದ್ಯುತ್ ತೊಂದರೆ ಬರುತ್ತಿತ್ತು ಎನ್ನುವುದೇ ಆಗ ಹೇಳಿದ ಕಾರಣ.

ಹಾಗಂತ ಹೆದರಿ ಓಡಬೇಕಾಗಿಲ್ಲ. ಈ ಗೇರ್‌ಬಾಕ್ಸಿನ ಆಯುಷ್ಯ ಅರ್ಧ ನಿಮ್ಮ ಬಲಗಾಲಿನಲ್ಲಿದೆ. ಮುಂದಿನ ಗಾಡಿ ಮೂರಡಿ ಸರಿದ ತಕ್ಷಣ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೋಗಿ. ನಿಂತಾಗ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ, ಆಗ ಕ್ಲಚ್ಚು ಬಿಟ್ಟುಕೊಳ್ಳುತ್ತದೆ. ಬ್ರೇಕನ್ನು ಅರೆಬರೆ ಮುಟ್ಟಿಕೊಂಡು ತೇಲಿಸುವುದೇ ಅದಕ್ಕೆ ವಿಷ. ಏರಿನಲ್ಲಿ ಆಕ್ಸಿಲರೇಟರ್‌ನಿಂದ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಈ ಗಾಡಿಯಲ್ಲಿ ಹಿಲ್ ಹೋಲ್ಡ್ ಇದೆ. ಹಿಂದಿನ ಆಟೊದವರು ಹಾರ್ನ್ ಹೊಡೆಯುತ್ತಾರೆ, ಪಕ್ಕದ ಸ್ಕೂಟರ್ ನುಗ್ಗುತ್ತದೆ. ಹೊಡೆಯಲಿ, ನುಗ್ಗಲಿ. ನಾನು ವರ್ಷಗಳಿಂದ ಓಡಿಸುತ್ತಿರುವುದು ಹೀಗೆಯೇ.

ಟ್ರಾಫಿಕ್‌ನಲ್ಲೇ ಹೆಚ್ಚು ಹೊತ್ತು ಕಳೆಯುವವರು, ಡಿಎಸ್‌ಜಿ ಎಂದರೆ ನಿದ್ದೆ ಬಾರದವರು, 2020ರ ನಂತರದ 1.0 ಲೀಟರಿನ ಆಟೊಮ್ಯಾಟಿಕ್ ಪೋಲೊ ಸಿಕ್ಕಿದರೆ ಅದನ್ನೂ ನೋಡಿ. 110 ಪಿಎಸ್, ಅದೇ 175 ಎನ್‌ಎಂ. ಒಣ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ತೆವಳುವಿಕೆಗೆ ಅದು ಅಂಜುವುದಿಲ್ಲ. ಗೇರು ಬೀಳುವ ಆ ಮಿಂಚು ಇಲ್ಲ, ನಾಲ್ಕು ಸಿಲಿಂಡರಿನ ನುಣುಪೂ ಇಲ್ಲ. ಆದರೆ ಮನಸ್ಸಿಗೆ ನೆಮ್ಮದಿ ಇದೆ.

ಇನ್ನು ಶನಿವಾರದ ಮಾತು.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವವರಿಗೆ ಅಬಾರ್ತ್ ಏನೆಂದು ಗೊತ್ತಾಗುವುದು ವಾಪಸು ಹತ್ತುವಾಗ. ಬೆಳಿಗ್ಗೆ ಆರೂವರೆ, ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ತಡೆಗೋಡೆ ಮೇಲೆ ಕೋತಿಗಳು ಮುದುರಿ ಕೂತಿದ್ದವು. ತಿರುವಿಗೆ ಮುಂಚೆ ಬ್ರೇಕ್ ಒತ್ತಿದೆ, ಸೆಕೆಂಡಿಗೆ ಇಳಿಸಿದೆ, ಸ್ಟೇರಿಂಗ್ ತಿರುಗಿಸಿದೆ. ಊರೊಳಗೆ ಭಾರ ಅನಿಸಿದ್ದ ಅದೇ ಸ್ಟೇರಿಂಗ್ ಈಗ ಮುಂದಿನ ಟೈರಿನ ಕೆಳಗೆ ಒದ್ದೆ ಇದೆಯೋ, ಜಲ್ಲಿ ಇದೆಯೋ ಅಂಗೈಗೆ ಹೇಳುತ್ತಿತ್ತು. ತಿರುವಿನ ಮಧ್ಯೆ ಸೂಜಿ 2000 ದಾಟಿತು. ಟರ್ಬೊ ಉಸಿರೆಳೆದುಕೊಂಡ ಸದ್ದು, ಆಮೇಲೆ ಒಮ್ಮೆಲೇ ಒಂದು ನೂಕು. ತಿರುವಿನ ಹೊರಗೆ ಬರುವಷ್ಟರಲ್ಲಿ ಥರ್ಡ್ ಹಾಕಬೇಕಾಯಿತು. ಹೀಗೆ ಒಂದಾದ ಮೇಲೊಂದು ತಿರುವು. ಕೈಕಾಲು, ಕಣ್ಣು, ಕಿವಿ ಎಲ್ಲದಕ್ಕೂ ಕೆಲಸ. ಮೇಲೆ ಬಂದು ನಿಂತಾಗ ಮೈ ಬೆವರಿತ್ತು, ಮನಸ್ಸು ತೊಳೆದಿಟ್ಟಂತೆ ಇತ್ತು. ಆ ಖುಷಿಯನ್ನು ಪೋಲೊ ಕೊಡುವುದಿಲ್ಲ ಎಂದು ಪೋಲೊ ಇಟ್ಟುಕೊಂಡಿರುವ ನಾನೇ ಹೇಳುತ್ತೇನೆ.

ಅದೇ ದಾರಿಯಲ್ಲಿ ಪೋಲೊ ಬೇರೆ ಥರ. ಲಿವರನ್ನು ಎಸ್ ಗುರುತಿಗೆ ಎಳೆದರೆ ಗೇರು ತಾನೇ ಸರಿಯಾಗಿ ಹಿಡಿದುಕೊಳ್ಳುತ್ತದೆ, ಗಾಡಿ ನಡುಕವಿಲ್ಲದೆ ಸಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ವೇಗವೇ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನಾನು ಪೋಲೊವನ್ನೇ ಆರಿಸುತ್ತೇನೆ, ಅದರಲ್ಲಿ ಇಎಸ್‌ಪಿ ಇದೆ. ಒದ್ದೆ ತಿರುವಿನಲ್ಲಿ ಚಕ್ರ ಜಾರಲು ಶುರುವಾದರೆ ಕಂಪ್ಯೂಟರ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ಹಾದಿಗೆ ತರುತ್ತದೆ. ಅಬಾರ್ತ್‌ನಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ ಇದ್ದರೂ ಇಎಸ್‌ಪಿ ಇಲ್ಲ. 145 ಕುದುರೆಗಳು ಮುಂದಿನ ಎರಡೇ ಚಕ್ರಕ್ಕೆ ಹೋಗುವ ಗಾಡಿಯಲ್ಲಿ ಅದು ಇಲ್ಲದಿರುವುದು ಸಣ್ಣ ವಿಷಯ ಅಲ್ಲ. ಆಗುಂಬೆ ಮಳೆಯಲ್ಲಿ ಹೊಸಬರು ಅದರ ಆಕ್ಸಿಲರೇಟರ್ ಮೇಲೆ ಕಾಲಿಡುವಾಗ ಹುಷಾರಾಗಿರಬೇಕು. ಟೈರು ಸವೆದಿದ್ದರಂತೂ ಬೇಡವೇ ಬೇಡ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗಿನ ಪೋಲೊಗೆ ದೊಡ್ಡವರ ಸುರಕ್ಷತೆಯಲ್ಲಿ ನಾಲ್ಕು ಸ್ಟಾರ್ ಸಿಕ್ಕಿತ್ತು, ಮನೆಯವರಿಗೆ ಹೇಳಲು ಒಳ್ಳೆಯ ಮಾತು.

ಮೈಸೂರು ಹೆದ್ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾ ಕಾಯುತ್ತಿರುತ್ತದೆ. ಆ ವೇಗದಲ್ಲಿ ಎರಡೂ ಬಂಡೆಯಂತೆ ಕೂತಿರುತ್ತವೆ. ಪೋಲೊದ ಏಳನೇ ಗೇರಿನಲ್ಲಿ ಎಂಜಿನ್ ಸದ್ದು ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ. ಕಂಪನಿಯ ಲೆಕ್ಕದಲ್ಲಿ ಪೋಲೊಗೆ ಲೀಟರಿಗೆ 17 ಕಿ.ಮೀ. ಚಿಲ್ಲರೆ, ಅಬಾರ್ತ್‌ಗೆ 16 ಚಿಲ್ಲರೆ. ನನ್ನ ಕೈಯಲ್ಲಿ ಊರೊಳಗೆ ಪೋಲೊ 11ರ ಹತ್ತಿರ, ಅಬಾರ್ತ್ 9ರ ಹತ್ತಿರ ಕೊಟ್ಟವು. ಟರ್ಬೊ ಗಾಡಿಯ ಮೈಲೇಜು ಓಡಿಸುವವರ ಕಾಲಿನಂತೆ. ಈಗ ಬಂಕ್‌ಗಳಲ್ಲಿ ಸಿಗುವ, ಶೇ 20ರವರೆಗೆ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಎರಡೂ ಗಾಡಿ ತಯಾರಾದ ಕಾಲದ್ದಲ್ಲ. ಮೈಲೇಜು ತುಸು ಇಳಿಯುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಸರ್ವಿಸ್‌ನಲ್ಲಿ ನೋಡಿಸಬೇಕು, ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ನಿಲ್ಲಿಸಬಾರದು.

ರಿಪೇರಿ ಯಾರ ಕೈಯಲ್ಲಿ?

ದಿನದ ಗಾಡಿಗೆ ಇದು ಶಕ್ತಿಗಿಂತ ದೊಡ್ಡ ಪ್ರಶ್ನೆ. ವಾರಾಂತ್ಯದ ಗಾಡಿ ಹದಿನೈದು ದಿನ ಗ್ಯಾರೇಜಿನಲ್ಲಿ ಕೂತರೆ ಬೇಜಾರಾಗುತ್ತದೆ, ಅಷ್ಟೇ. ದಿನದ ಗಾಡಿ ಕೂತರೆ ಮನೆಯ ವೇಳಾಪಟ್ಟಿಯೇ ತಲೆಕೆಳಗಾಗುತ್ತದೆ. ಫೋಕ್ಸ್‌ವ್ಯಾಗನ್ ಈಗಲೂ ಇಲ್ಲಿ ಟೈಗುನ್, ವರ್ಟಸ್ ಮಾರುತ್ತಿದೆ, ಹಾಗಾಗಿ ಸರ್ವಿಸ್ ಸೆಂಟರ್‌ಗಳಿವೆ. ಪೋಲೊ, ಅದರದೇ ಸೆಡಾನ್ ರೂಪವಾದ ವೆಂಟೊ ಸೇರಿ ರಸ್ತೆಯಲ್ಲಿ ಲಕ್ಷಗಟ್ಟಲೆ ಗಾಡಿ ಇರುವುದರಿಂದ ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್ಷು, ಬಂಪರು ಎಲ್ಲ ಹೊರಗೂ ಸಿಗುತ್ತವೆ. ಡಿಎಸ್‌ಜಿ ಬಿಚ್ಚಿ ಕೂರಿಸಬಲ್ಲ ಖಾಸಗಿ ಮೆಕ್ಯಾನಿಕ್‌ಗಳೂ ಬೆಂಗಳೂರಿನಲ್ಲಿ ಇದ್ದಾರೆ.

ಅಬಾರ್ತ್ ವಿಷಯದಲ್ಲಿ ಲೆಕ್ಕ ಬೇರೆ. ಫಿಯಟ್ ಗಾಡಿಗಳನ್ನು ಜೀಪ್ ಸರ್ವಿಸ್ ಸೆಂಟರ್‌ಗಳು ನೋಡಿಕೊಳ್ಳುತ್ತವೆ, ಆದರೆ ಅವು ದೊಡ್ಡ ಊರುಗಳಲ್ಲಿ ಮಾತ್ರ. ಸಮಾಧಾನದ ವಿಷಯ ಎಂದರೆ ಬಾಗಿಲು, ಗಾಜು, ಒಳಗಿನ ಬಹುಪಾಲು ಸಾಮಾನು ಮಾಮೂಲಿ ಪುಂಟೊದ್ದೇ. ಟಿ-ಜೆಟ್ ಎಂಜಿನ್ನೂ ನಾಲ್ಕು ಡಿಸ್ಕ್ ಬ್ರೇಕೂ ಫಿಯಟ್ಟಿನದೇ ಸೆಡಾನ್ ಆದ ಲಿನಿಯಾ ಟಿ-ಜೆಟ್‌ನಲ್ಲೂ ಇದ್ದವು. ಅಬಾರ್ತ್‌ಗೆಂದೇ ಮಾಡಿದ ಅಲಾಯ್ ಚಕ್ರದಂಥವು ಮಾತ್ರ ಕಷ್ಟ. ಒಂದು ಚಕ್ರ ಗುಂಡಿಗೆ ಬಿದ್ದು ಬಾಗಿದರೆ ಹುಡುಕಾಟ ಶುರು. ನಮ್ಮಲ್ಲಿ ಹಳೇ ಫಿಯಟ್ ಮೇಲೆ ಜೀವ ಇಟ್ಟುಕೊಂಡ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಸ್ವಿಫ್ಟ್ ಡೀಸೆಲ್ಲಿನಲ್ಲಿ ಇದ್ದ 1.3 ಎಂಜಿನ್ ಫಿಯಟ್ಟಿನದೇ ಆದ್ದರಿಂದ ಆ ಕಂಪನಿಯ ಕೆಲಸ ಗೊತ್ತಿರುವವರು ಕಡಿಮೆಯೇನಿಲ್ಲ. ಆದರೆ ಟಿ-ಜೆಟ್ ಬಲ್ಲವರು ಬೇರೆ. ಗಾಡಿ ನೋಡುವುದಕ್ಕೆ ಮುಂಚೆ ಅಂಥವರನ್ನು ಹುಡುಕಿ, ಮಾತಾಡಿ. ನಿಮ್ಮ ಊರಿನಿಂದ ಐವತ್ತು ಕಿಲೋಮೀಟರ್ ಒಳಗೆ ಒಬ್ಬರೂ ಸಿಗಲಿಲ್ಲ ಎಂದರೆ ಅಬಾರ್ತ್ ಬೇಡ. ಇದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ.

ಗಾಡಿ ನೋಡಲು ಹೋದಾಗ

ಬೆಳಿಗ್ಗೆಯೇ ಹೋಗಿ, ಮುಂಚೆಯೇ ಫೋನ್ ಮಾಡಿ "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ. ಹೋದ ಕೂಡಲೇ ಮಾತಿಗೆ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ರಾಜಾಜಿನಗರದಲ್ಲಿ ನಾವು ನೋಡಿದ ಮೊದಲ ಗಾಡಿಯ ಬಾನೆಟ್ ದೋಸೆ ಕಾವಲಿಯಂತೆ ಬಿಸಿ ಇತ್ತು. "ಈಗಷ್ಟೇ ತೊಳೆಸಿಕೊಂಡು ಬಂದೆ" ಎಂದರು ಮಾರುವವರು. ತಣ್ಣಗಿದ್ದಾಗ ಬರುವ ಸದ್ದು, ಹೊಗೆ ನಮಗೆ ಗೊತ್ತಾಗಲೇ ಇಲ್ಲ. ವಾಪಸು ಬಂದೆವು.

ಪೋಲೊ ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಹುಡುಕಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಆ ರ‍್ಯಾಂಪನ್ನು ರಿವರ್ಸ್‌ನಲ್ಲಿ ನಿಧಾನವಾಗಿ ಹತ್ತಿಸಿ. ರಿವರ್ಸು ಎರಡನೇ ಕ್ಲಚ್ಚಿನ ಪಾಲಿಗೆ ಬರುವುದರಿಂದ ಅದು ಸವೆದಿದ್ದರೆ ಗಾಡಿ ಅದುರುತ್ತದೆ, ಇಲ್ಲವೇ ಸುಟ್ಟ ವಾಸನೆ ಬರುತ್ತದೆ. ಫಸ್ಟಿನಿಂದ ಸೆಕೆಂಡಿಗೆ ಹೋಗುವಾಗ ಗಡಗಡ ಎಂದರೆ, ಮೀಟರಿನಲ್ಲಿ ಗೇರಿನ ಅಕ್ಷರ ಮಿಣುಕಿದರೆ, ಸ್ಪ್ಯಾನರ್ ಗುರುತು ಬಂದರೆ ಬೆಲೆ ಎಷ್ಟೇ ಕಡಿಮೆ ಇರಲಿ ಕೈ ಮುಗಿದು ಬನ್ನಿ. ಕ್ಲಚ್ಚು, ಮೆಕಾಟ್ರಾನಿಕ್ ಬದಲಾಯಿಸಿದ ಬಿಲ್ಲು ತೋರಿಸಿದರೆ ಅದು ಗಾಡಿಗೆ ಕಳಂಕ ಎಂದುಕೊಳ್ಳಬೇಡಿ. ದೊಡ್ಡ ಖರ್ಚನ್ನು ನಿಮಗಿಂತ ಮುಂಚಿನವರು ಮಾಡಿಟ್ಟಿದ್ದಾರೆ. ನನಗೆ ಅಂಥ ಗಾಡಿಯೇ ಹೆಚ್ಚು ಇಷ್ಟ.

ಅಬಾರ್ತ್ ಆದರೆ ಮೊದಲ ಪ್ರಶ್ನೆ ಟೈಮಿಂಗ್ ಬೆಲ್ಟ್. ಗಾಡಿ ಓಡಿದ್ದು ಮೂವತ್ತೇ ಸಾವಿರ ಕಿಲೋಮೀಟರ್ ಇರಬಹುದು, ರಬ್ಬರಿಗೆ ವಯಸ್ಸಾಗುವುದು ವರ್ಷದ ಲೆಕ್ಕದಲ್ಲಿ. ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ ತಲೆಯೇ ಹೋಗುತ್ತದೆ. ಬದಲಾಯಿಸಿದ ಬಿಲ್ಲು ಇಲ್ಲವೆಂದರೆ ಬದಲಾಯಿಸಿಲ್ಲ ಎಂದೇ ಲೆಕ್ಕ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಮೇಲೆ ಮಂಡಿಯೂರಿ ಮುಂದಿನ ಬಂಪರಿನ ಅಡಿ ನೋಡಿ. ಇದರ ಗ್ರೌಂಡ್ ಕ್ಲಿಯರೆನ್ಸ್ 155 ಮಿ.ಮೀ., ಬಣ್ಣ ಬಳಿಯದ ನಮ್ಮ ಹಂಪುಗಳು ಅಲ್ಲಿ ಗೀಚಿರುತ್ತವೆ. ಗೀಚಿದ್ದರೆ ಚಿಂತೆಯಿಲ್ಲ, ಎಣ್ಣೆ ಜಿನುಗಿದ್ದರೆ ಚಿಂತೆ ಮಾಡಬೇಕು. ಟೆಸ್ಟ್ ಡ್ರೈವ್‌ನಲ್ಲಿ ಮೂರನೇ ಗೇರಿನಲ್ಲಿ 2000ದಿಂದ ಪೂರ್ತಿ ಒತ್ತಿದಾಗ ಎಳೆತ ಒಂದೇ ಸಮನೆ ಬರಬೇಕು. ಹಿಂದೆ ನೀಲಿ ಹೊಗೆ ಕಾಣಬಾರದು. ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಮಾರುವವರು ಒಂದು ನಿಮಿಷ ಎಂಜಿನ್ ಹಾಗೇ ಬಿಟ್ಟರೆ ಸಂತೋಷಪಡಿ, ಟರ್ಬೊ ತಣಿಯಲು ಬಿಡುವವರು ಎಣ್ಣೆಯನ್ನೂ ಸರಿಯಾಗಿ ಬದಲಿಸಿರುತ್ತಾರೆ.

ವೇಷ ಹಾಕಿದ ಗಾಡಿಗಳ ಬಗ್ಗೆಯೂ ಎಚ್ಚರ. ಚೇಳಿನ ಸ್ಟಿಕ್ಕರು ಯಾರು ಬೇಕಾದರೂ ಅಂಟಿಸಬಹುದು. ಆರ್‌ಸಿಯ ಸಿಸಿ ನೋಡಿದರೂ ಸಾಲದು, ಟರ್ಬೊ ಇಲ್ಲದ 1.4 ಪುಂಟೊ ಕೂಡ 1368 ಸಿಸಿಯೇ. ಮಾಡೆಲ್ ಹೆಸರು ಓದಿ, ಹಿಂದಿನ ಚಕ್ರದಲ್ಲಿ ಡಿಸ್ಕ್ ಇದೆಯೇ ನೋಡಿ. ಪೋಲೊದಲ್ಲಿ ಸಿಸಿಯೇ ಸಾಕ್ಷಿ: ಟಿಎಸ್‌ಐ 1197, ಮಾಮೂಲಿ ಮೂರು ಸಿಲಿಂಡರಿನದು 1198. ಒಂದೇ ಸಿಸಿಯ ವ್ಯತ್ಯಾಸದಲ್ಲಿ ಬೇರೆಯದೇ ಗಾಡಿ. ಜಿಟಿ ಎಂಬ ಹೆಸರು ಡೀಸೆಲ್ ಪೋಲೊಗೂ ಇತ್ತು, ಮರೆಯಬೇಡಿ.

ಇಸಿಯು ರೀಮ್ಯಾಪ್ ಮಾಡಿಸಿದ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ ಗಾಡಿಗಳು ಎರಡರಲ್ಲೂ ಬಹಳ ಇವೆ. ದಿನದ ಓಡಾಟಕ್ಕೆ ನಾನು ಅಂಥವನ್ನು ಮುಟ್ಟುವುದಿಲ್ಲ. ಪೋಲೊದ ಡಿಎಸ್‌ಜಿ ತಡೆಯುವುದು 250 ಎನ್‌ಎಂವರೆಗೆ, ಮೊದಲೇ ಟ್ರಾಫಿಕ್‌ನಲ್ಲಿ ಬೇಯುವ ಕ್ಲಚ್ಚಿಗೆ ಇನ್ನಷ್ಟು ಹೊರೆ ಏಕೆ? ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಬದಲಾವಣೆ ಇದ್ದರೆ ಅಪಘಾತದ ದಿನ ಕ್ಲೇಮು ಸಿಗದೇ ಹೋಗಬಹುದು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಎಂಎಚ್ ಅಥವಾ ಡಿಎಲ್ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುವ ಮುಂಚೆ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್, ಓಡಾಟ ಎಲ್ಲ ಕೂಡಿಸಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ, ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೇಳಿ. ಬಾಕಿ ಟ್ರಾಫಿಕ್ ದಂಡ ಆನ್‌ಲೈನ್‌ನಲ್ಲೇ ಕಾಣುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿರಬೇಕು. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು. ನೋ ಕ್ಲೇಮ್ ಬೋನಸ್ ಮಾರಿದವರದ್ದು, ಗಾಡಿಯ ಜೊತೆ ಬರುವುದಿಲ್ಲ. ನೋಂದಣಿಯ ಆಯುಷ್ಯ 15 ವರ್ಷ, ಅಂದರೆ 2013ರ ಪೋಲೊಗೆ 2028ಕ್ಕೆ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಅಬಾರ್ತ್‌ಗೆ ಹೇಗೂ 2030ರ ತನಕ ಸಮಯ ಇದೆ.

ಮನೆಯವರನ್ನೂ ಕೇಳಿ. ಪೋಲೊದ ಹಿಂದಿನ ಸೀಟಿನಲ್ಲಿ ಕಾಲಿಗೆ ಜಾಗ ಕಡಿಮೆ, ಎತ್ತರದವರ ಮಂಡಿ ಮುಂದಿನ ಸೀಟಿಗೆ ತಾಗುತ್ತದೆ. ಪುಂಟೊ ತುಸು ವಾಸಿ, ಆದರೆ ಅಬಾರ್ತ್‌ನ ಗಟ್ಟಿ ಸ್ಪ್ರಿಂಗಿನ ಮೇಲೆ ವಯಸ್ಸಾದವರು ದೂರದ ಪ್ರಯಾಣ ಇಷ್ಟಪಡುವುದಿಲ್ಲ. ನನ್ನ ಹೆಂಡತಿ ಪೋಲೊವನ್ನು ನನ್ನಷ್ಟೇ ಓಡಿಸುತ್ತಾಳೆ. ಆ ಒಂದು ತಿಂಗಳಲ್ಲಿ ಅಬಾರ್ತ್ ಕೀ ಮುಟ್ಟಿದ್ದು ಎರಡೇ ಸಲ. ಮನೆಗೆ ಒಂದೇ ಗಾಡಿ ಎಂದಾದರೆ ಈ ವಿಷಯಕ್ಕೆ ಬಹಳ ತೂಕ ಕೊಡಬೇಕು.

ನನ್ನ ತೀರ್ಮಾನ ಹೀಗೆ. ಬೆಂಗಳೂರಿನಲ್ಲಿ ದಿನಾ ಒಂದು ಗಂಟೆಗಿಂತ ಹೆಚ್ಚು ತೆವಳುವವರಿಗೆ, ಮನೆಯಲ್ಲಿ ಇಬ್ಬರು ಓಡಿಸುವವರಿಗೆ ಪೋಲೊ ಜಿಟಿ. ಅದೂ ಗೇರ್‌ಬಾಕ್ಸ್ ಕೆಲಸದ ಬಿಲ್ಲು ಇರುವ ಗಾಡಿ, ಜೊತೆಗೆ ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಎತ್ತಿಟ್ಟುಕೊಂಡು. ಮೈಸೂರು, ಮಂಗಳೂರು, ಶಿವಮೊಗ್ಗದಂಥ ಊರಿನಲ್ಲಿ ಇದ್ದು, ದಾರಿ ಸ್ವಲ್ಪ ಬಿಡುವಾಗಿದ್ದು, ಒಬ್ಬರೇ ಓಡಿಸುವವರಾಗಿದ್ದು, ಟಿ-ಜೆಟ್ ಬಲ್ಲ ಮೆಕ್ಯಾನಿಕ್ ಪರಿಚಯ ಇದ್ದರೆ ಅಬಾರ್ತ್. ಇನ್ನೊಮ್ಮೆ ಅಂಥ ಗಾಡಿ ನಮಗೆ ಯಾರೂ ಮಾಡಿಕೊಡುವುದಿಲ್ಲ.

ಭಾಮೈದನ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ರಿಂಗ್ ರೋಡಿನಲ್ಲಿ ಇಪ್ಪತ್ತೈದು ನಿಮಿಷ, ನಾಲ್ಕು ಸಿಗ್ನಲ್. ಐದನೆಯದಾಗಿ ನೋಡಿದ 2016ರ ಬಿಳಿ ಅಬಾರ್ತ್ ಅವನಿಗೆ ಒಪ್ಪಿಗೆಯಾಯಿತು: ಒಬ್ಬರೇ ಓನರ್, ಕೆಎ 09 ನಂಬರ್, ಬಾನೆಟ್ ತಣ್ಣಗಿತ್ತು. ಬೆಲ್ಟ್ ಬದಲಾಯಿಸಿದ ಬಿಲ್ಲು ಮಾತ್ರ ಇರಲಿಲ್ಲ. ಆ ದುಡ್ಡು ಬೆಲೆಯಲ್ಲಿ ಕಳೆಸಿದೆವು. ಆರ್‌ಸಿ ಕೈಗೆ ಬಂದ ದಿನವೇ ಗಾಡಿಯನ್ನು ಬೆಲ್ಟಿಗೆ ಬಿಟ್ಟಿದ್ದಾನೆ. "ಚಾರ್ಮಾಡಿಗೆ ಯಾವಾಗ ಹೋಗೋಣ ಭಾವ?" ಎಂದು ಅಲ್ಲಿಂದಲೇ ಫೋನ್ ಮಾಡಿದ. ಬೆಲ್ಟ್ ಕೂತ ಮೇಲಿನ ಮೊದಲ ಶನಿವಾರ ಎಂದಿದ್ದೇನೆ.